ಗಾಡಿ ಹೋಗುವವರೆಗೆ

ಜೋಗೇಶ್ವರಿ ಪೂರ್ವ, ಮುಂಬಯಿ
೧೬ ಫೆಬ್ರುವರಿ ೨೦೨೫

ಪ್ರೀತಿಯ ಮಗಳು ಜೀನತಳಿಗೆ,

ನಿನ್ನ ಅಬ್ಬಾ ರಫೀಕನ ಸಲಾಂ, ದುಆ. ಅಳಿಯ ಮುಶರಫನಿಗೂ ಹೇಳು. ಇಲ್ಲಿ ನಾನು ಆರಾಮಿದ್ದೇನೆ. ಬಿ.ಪಿ. ಗುಳಿಗೆ ತಪ್ಪಿಸಿಲ್ಲ. ನಂಬುವುದಿಲ್ಲವೆಂದು ಖಾಲಿ ಪಾಕೀಟುಗಳನ್ನು ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ, ಬಂದಾಗ ಎಣಿಸಿಕೋ.

ಪತ್ರ ತಡವಾಯಿತು. ಡಿಸೆಂಬರಿನಲ್ಲಿ ನೀನು ಫೋನಿನಲ್ಲಿ ಕೇಳಿದ್ದೆ: "ಅಬ್ಬಾ, ಅಮ್ಮಿ ಕಡೀಕ ನನ್ನ ಹೆಸರು ತಗೊಂಡ್ಳು ಅಂದ್ರಲ್ಲ, ಜೀನತ ಅಂದ್ಳೋ, ಜೀನು ಅಂದ್ಳೋ?" ನಾನು ಕುಕ್ಕರ್ ಸೀಟಿ ಹೊಡೆಯುತ್ತಿದೆ ಎಂದು ಫೋನಿಟ್ಟೆ. ಅಂದು ಒಲೆಯನ್ನೇ ಹಚ್ಚಿರಲಿಲ್ಲ. ಆಮೇಲೆ ನೀನು ಮೂರು ಸಲ ಕೇಳಿದೆ, ನಾನು ಮೂರು ಸಲ ಮಾತು ತಿರುಗಿಸಿದೆ. ಲೆಕ್ಕ ನನಗೂ ಇದೆ.

ಆ ಪ್ರಶ್ನೆಯ ತೂಕ ನನಗೆ ಗೊತ್ತಿಲ್ಲದ್ದಲ್ಲ. ಸಿಟ್ಟಿದ್ದಾಗ ಜೀನತ, ಸಿಟ್ಟಿಲ್ಲದಾಗ ಜೀನು. ನಿನ್ನಮ್ಮಿ ಜೇಬುನ್ನೀಸಾ ನೀನು ಹುಟ್ಟಿದಾಗಿನಿಂದಲೂ ಹಾಗೇ ಕರೆದದ್ದು. ಗದಗಕ್ಕೆ ಬಾ, ಇಲ್ಲಿಯ ಡಾಕ್ಟರಿಗೆ ತೋರಿಸೋಣ ಎಂದು ನೀನು ಹಟ ಹಿಡಿದೆ, ಅವಳು ಒಲ್ಲೆ ಎಂದಳು. "ಹಂಗಾರ ಅಲ್ಲೇ ಇರು" ಎಂದು ನೀನು ಫೋನ್ ಕುಕ್ಕಿದೆ. ಅದಾದ ಮೇಲೆ ಇಪ್ಪತ್ತೆರಡು ದಿನ ತಾಯಿ ಮಗಳ ನಡುವೆ ಮಾತಿಲ್ಲ. ಇಪ್ಪತ್ತಮೂರನೆಯ ದಿನ ಅವಳೇ ಇಲ್ಲ. ಉತ್ತರ ಹೇಳುತ್ತೇನೆ, ಹೇಳಲಿಕ್ಕೇ ಕೂತಿದ್ದೇನೆ. ಆದರೆ ನನ್ನ ತಲೆ ಒಂದು ನಾಟಕದಲ್ಲಿ ಸಿಕ್ಕಿಬಿದ್ದಿದೆ. ಮೊದಲು ಅದನ್ನು ಬಿಡಿಸಿಕೊಳ್ಳಬೇಕು.

ನಮಿತಾ ಎಂಬ ಹುಡುಗಿ. ವಿಲೆ ಪಾರ್ಲೆಯಲ್ಲಿ ಅಪ್ಪನದು ಉಡುಪಿ ಹೋಟೆಲು. ಗೆಳೆಯರು ಸೇರಿ ಇಂಟರ್ನೆಟ್ಟಿನಲ್ಲಿ ಕನ್ನಡ ರೇಡಿಯೊ ನಡೆಸುತ್ತಾರೆ. ಸೀರಿಯಲ್‌ಗಳಿಗೆ ನಾನು ಕೊಡುವ ಸದ್ದುಗಳ ಬಗ್ಗೆ ಯಾರೋ ಹೇಳಿದರಂತೆ. ನಮ್ಮ ರೆಕಾರ್ಡಿಂಗ್ ಖೋಲಿಗೆ ಬಂದು, ಸದ್ದು ಹೀರಲೆಂದು ಗೋಡೆಗೆ ಬಡಿದ ಮೊಟ್ಟೆಯ ಟ್ರೇಗಳನ್ನು ನೋಡಿ "ಸೋ ಕ್ಯೂಟ್" ಎಂದಳು. ಮದುವೆ ಮನೆಗಳಿಗೆ ಲೌಡ್‌ಸ್ಪೀಕರಿನ ಭೋಂಗಾ ಹೊತ್ತು ಬೆಳೆದವನು ನಾನು, ನನ್ನ ಖೋಲಿಗೆ ಯಾರೂ ಹಾಗೆ ಅಂದಿರಲಿಲ್ಲ.

ನಾಟಕ ಕೇಳು. ಒಬ್ಬ ಹೆಂಗಸು ಸತ್ತಿದ್ದಾಳೆ. ಸತ್ತವಳು ಲೋಕಲ್ ರೈಲು ಹತ್ತುತ್ತಾಳೆ. ಲೇಡೀಸ್ ಡಬ್ಬಿಯಲ್ಲಿ ಕೂತವರೆಲ್ಲ ಅವಳೇ. ಮೀನಿನ ಬುಟ್ಟಿಯವಳೂ ಅವಳೇ, ಸೇವಂತಿಗೆ ಮಾಲೆ ಮಾರುವವಳೂ ಅವಳೇ. ಟಿಕೆಟ್ ಕೇಳಲು ಬರುವವನು ಸಾವು. ಅವನಿಗೆ ಕಾಲಿಲ್ಲ, ಕೀಲಿಗೊಂಚಲು ಇದೆ. ಅವನಿಗೆ ಇವಳ ಮೇಲೆ ಮನಸ್ಸು. ಇವಳಿಗೆ ಮನೆಯಲ್ಲಿ ಕೂತ ಗಂಡನ ಮೇಲೆ ಮನಸ್ಸು. ಗಂಡನಿಗೆ ಯಾರ ಮೇಲೂ ಇಲ್ಲ, ಅವನು ನಾಟಕದ ಉದ್ದಕ್ಕೂ ಒಂದೇ ಮಾವಿನಹಣ್ಣು ತಿನ್ನುತ್ತಾನೆ, ಹಣ್ಣು ಮುಗಿಯುವುದಿಲ್ಲ. ಕೊನೆಗೆ ಇವಳು ಇಳಿದು ಬಂದು ಅವನ ಕಿವಿಯಲ್ಲಿ "ನನಗೊಂದು ಆಸೆ ಉಳಿದಿದೆ, ಅದೇನೆಂದರೆ" ಎನ್ನುತ್ತಾಳೆ. ಆಗ ಆ ಮಾತಿನ ಮೇಲೆಯೇ ಗಾಡಿ ಹಾದುಹೋಗುತ್ತದೆ. ಮುಗಿಯಿತು.

"ಏನು ಆಸಿ ಆಕಿದು?" ಎಂದು ಕೇಳಿದೆ.

"ಗೊತ್ತಿಲ್ಲ ಅಂಕಲ್. ಗೊತ್ತಾದ್ರೆ ನಾಟಕ ಖತಂ."

"ಗೊತ್ತಾಗದಿದ್ರ ಆ ಗಂಡನ ಗತಿ ಏನವ್ವಾ?"

"ಅಂಕಲ್, ಮೀನಿಂಗ್ ಹುಡುಕ್‌ಬೇಡಿ ನಾ. ಬಸ್ ಫೀಲ್ ಮಾಡಿ."

ಫೀಲ್ ಮಾಡಲು ಕೂತೆ. ಮಾವಿನಹಣ್ಣಿನ ಸದ್ದಿಗೆ ಒದ್ದೆ ಬಟ್ಟೆ ಹಿಂಡಿದೆ. ಕಾಲಿಲ್ಲದ ಸಾವು ನಡೆಯುವುದಕ್ಕೆ ನೆಲದ ಮೇಲೆ ರೇಷ್ಮೆ ಸೀರೆ ಎಳೆದೆ. ಅಷ್ಟರಲ್ಲಿ ಹುಡುಗಿ "ಈಗ ಆಸೆಯ ಸೌಂಡ್ ಕೊಡಿ" ಎಂದಳು. ನಲವತ್ತು ವರ್ಷದ ಧಂದೆಯಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಉಕ್ಕುವ ಹಾಲು ಕೇಳಿಸಿದೆ, ಬೇಡ ಎಂದಳು. ಬಳೆ, ಬೇಡ. ಕೊನೆಗೆ ಚಹಾ ತರಿಸಿ ಬಸಿಗೆ ಸುರಿದು, ಮೈಕಿನ ಹತ್ತಿರ ಹಿಡಿದು ಊದಿದೆ. ನಿನ್ನಮ್ಮಿ ನನಗೆ ಆರಿಸಿಕೊಡುತ್ತಿದ್ದಂತೆ, ಒಂದು ಉದ್ದ ಎರಡು ಗಿಡ್ಡ.

"ಇದು ಆಸೆಯಾ ಅಂಕಲ್?"

"ನಮ್ಮ ಮನಿಯೊಳಗಿಂದು ಇದಽ ಅವ್ವಾ."

ಅವಳು ಇನ್ನೊಮ್ಮೆ ಊದಿಸಿದಳು. ಅದನ್ನೇ ಇಟ್ಟುಕೊಂಡಳು.

ಸತ್ತವಳ ಪಾತ್ರಕ್ಕೆ ಮೋಹಿನಿಯಮ್ಮ. ಬೊರಿವಲಿಯಲ್ಲಿ ಬಾಲವಾಡಿ ನಡೆಸುತ್ತಾರೆ, ಕನ್ನಡ ಸಂಘದ ನಾಟಕಗಳಲ್ಲಿ ಮೂವತ್ತು ವರ್ಷ ರಾಣಿಯ ಪಾರ್ಟು ಮಾಡಿದ್ದಾರೆ. ಮುಂದಿನದನ್ನು ತಂದೆ ಮಗಳಿಗೆ ಬರೆಯಬಾರದು, ಆದರೂ ಬರೆಯುತ್ತೇನೆ. ಹೆಡ್‌ಫೋನಿನಲ್ಲಿ ಆ ಹೆಂಗಸಿನ ಉಸಿರು ಕೇಳಿದಾಗ ನನಗೆ ಎದೆ ಹಾರಿತು. ಆಕೆಗಾಗಿ ಹಾರಿತೋ ಇನ್ಯಾರಿಗಾಗಿಯೋ ತಿಳಿಯಲಿಲ್ಲ. ಕಣ್ಣು ತೆರೆದರೆ ಗಾಜಿನಾಚೆ ಕನ್ನಡಕದ ಮೋಹಿನಿಯಮ್ಮ, ಮುಚ್ಚಿದರೆ ಬೇರೆ ಯಾರೋ. "ನನಗೊಂದು ಆಸೆ ಉಳಿದಿದೆ" ಎಂದು ಆಕೆ ಅಂದದ್ದೇ ತಡ, ನಾನು ದೊಡ್ಡ ದನಿಯಲ್ಲಿ "ಹೂಂ, ಹೇಳು" ಎಂದುಬಿಟ್ಟೆ. ಟೇಕ್ ಹಾಳಾಯಿತು.

"ಎಂತ ರಫೀಕ್ ಭಾಯಿ, ನೀವು ಸದ್ದಿನವರಲ್ವಾ? ಡೈಲಾಗ್ ನಮಗೆ ಬಿಡಿ ಮಾರಾಯ್ರೆ," ಎಂದರು ಮೋಹಿನಿಯಮ್ಮ. ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡನೆಯ ಟೇಕಿನಲ್ಲೂ ಅಂದೆ. ಆಗ ಯಾರೂ ನಗಲಿಲ್ಲ.

ನಮ್ಮ ಮನೆಯ ರಿವಾಜು ನಿನ್ನ ಮೈಯಲ್ಲೇ ಇದೆ. ಹಳಿಯ ಪಕ್ಕದ ಚಾಳು, ಗಾಡಿ ಬಂದಾಗ ಮಾತು ನಿಲ್ಲಬೇಕು, ಹೋದ ಮೇಲೆ ನಿಂತಲ್ಲಿಂದ ಶುರುವಾಗಬೇಕು. ಜಗಳವೂ ಹಾಗೇ. ನಿನ್ನ ಮದುವೆಯಾದ ಹೊಸತರಲ್ಲಿ ನಿನ್ನ ಅತ್ತೆ, "ನಿಮ್ಮ ಹುಡುಗಿ ಎಲ್ಲೋ ಗಾಡಿ ಸೀಟಿ ಕೇಳಿದ್ರ ಸಾಕು, ಬಾಯಿ ಮುಚ್ಚಿ ಕುಂದರ್ತಾಳ, ಏನರ ಬ್ಯಾನಿ ಐತೇನ್ರಿ?" ಎಂದು ಕೇಳಿದ್ದರು. ಬೇನೆಯಲ್ಲ ತಾಯಿ, ಜೋಗೇಶ್ವರಿ ಎಂದೆ. ನನ್ನ ಧಂದೆಯೂ ಅದೇ ಆಯಿತು. ರೆಕಾರ್ಡಿಂಗ್ ಖೋಲಿಯೂ ಸ್ಟೇಷನ್ನಿನ ಹತ್ತಿರವೇ, ಗಾಡಿ ಬಂದರೆ ನಾನು ಅಂಗೈ ಎತ್ತುತ್ತೇನೆ, ಎಂಥ ದೊಡ್ಡ ಕಲಾವಿದನೂ ಬಾಯಿ ಮುಚ್ಚುತ್ತಾನೆ. ಗಾಡಿ ಹನ್ನೆರಡು ಡಬ್ಬಿಯದೋ ಹದಿನೈದರದೋ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ.

ಮೊನ್ನೆ ಗುರುವಾರ ಕೊನೆಯ ದೃಶ್ಯ. ಮೋಹಿನಿಯಮ್ಮ ಮೈಕಿನ ಹತ್ತಿರ ಬಂದರು. "ನನಗೊಂದು ಆಸೆ ಉಳಿದಿದೆ, ಅದೇನೆಂದರೆ" ಎಂದರು. ಗಾಡಿಯ ಸದ್ದನ್ನು ಆಮೇಲೆ ಕೂಡಿಸುವುದಿತ್ತು, ಆದರೆ ಅದೇ ಕ್ಷಣಕ್ಕೆ ಹೊರಗೆ ನಿಜವಾದ ಗಾಡಿ ಬಂತು. ನನ್ನ ಕೈ ತಾನಾಗಿ ಎದ್ದಿತು. ಮೋಹಿನಿಯಮ್ಮ ತಡೆದು ನನ್ನ ಅಂಗೈಯನ್ನೇ ನೋಡುತ್ತ ನಿಂತರು. ಗಾಡಿ ಹೋಯಿತು. ನನಗೆ ಕೈ ಇಳಿಸಲಾಗಲಿಲ್ಲ. ಇಳಿಸಿದರೆ ಆಕೆ ಮಾತಾಡುವುದಿಲ್ಲ ಎನ್ನಿಸಿತು. ಎಷ್ಟು ಹೊತ್ತೋ ಗೊತ್ತಿಲ್ಲ. ನಮಿತಾ ಬಂದು ನನ್ನ ಮುಂಗೈ ಹಿಡಿದು ಮೆಲ್ಲಗೆ ಕೆಳಗಿಟ್ಟಳು.

ಮಶೀನು ಕೆಟ್ಟಿದೆ ಎಂದು ಎಲ್ಲರನ್ನೂ ಕಳಿಸಿದೆ. ಮಶೀನು ಸರಿಯಾಗಿಯೇ ಇತ್ತು. ಹೋಗುವಾಗ ಹುಡುಗಿ ಬಾಗಿಲಲ್ಲಿ ನಿಂತು, "ಅಂಕಲ್, ಆ್ಯಕ್ಚುಲಿ ನನಗೂ ಈಗ ಡೌಟ್ ಬರ್ತಿದೆ. ಮೇ ಬಿ ಸತ್ತದ್ದು ಅವಳಲ್ಲ, ಗಂಡ. ಅದಕ್ಕೇ ಅವನಿಗೆ ಏನೂ ಕೇಳಿಸ್ತಿಲ್ಲ," ಎಂದಳು. ಅಂದಿನಿಂದ ನನಗೂ ಅದು ಬಗೆಹರಿದಿಲ್ಲ. ಯಾರು ಸತ್ತದ್ದು, ಯಾರ ಆಸೆ, ಮಾವಿನಹಣ್ಣು ಏಕೆ ಮುಗಿಯುವುದಿಲ್ಲ. ಸಂತೆಯಿಂದ ತಂದ ಪ್ರತಿ ಈರುಳ್ಳಿಯನ್ನು ತಿರುವಿ ನೋಡುವ ಮನುಷ್ಯ ನಾನು, ಒಂದು ಹುಚ್ಚು ನಾಟಕದ ಒಳಗಿಂದ ಹೊರಬರುವ ಬಾಗಿಲು ಸಿಗುತ್ತಿಲ್ಲ.

ಇರಲಿ. ನಿನ್ನ ಪ್ರಶ್ನೆಗೆ ಉತ್ತರ: ಜೀನು ಅಂದಳು. ಸಿಟ್ಟಿರಲಿಲ್ಲ. ಸಮಾಧಾನ ಮಾಡಿಕೋ. ಮುಶರಫನ ಜೊತೆ ಜಗಳವಾಡಿದರೆ ಅದೇ ದಿನ ಮುಗಿಸು, ಮರುದಿನಕ್ಕೆ ದಾಟಿಸಬೇಡ. ಮೇಲಿರುವ ಮಾಲಿಕ ನಿನ್ನ ಬಾಗಿಲನ್ನು ತೆರೆದೇ ಇಟ್ಟಿರಲಿ, ನಿನ್ನ ಒಲೆಯನ್ನು ಬೆಚ್ಚಗೆ ಇಟ್ಟಿರಲಿ.

ನಿನ್ನ ಅಬ್ಬಾ,
ರಫೀಕ

ತಾ.ಕ.: ಲಕೋಟೆ ಅಂಟಿಸಿ ಪೋಸ್ಟ್ ಆಫೀಸಿನವರೆಗೆ ಹೋಗಿದ್ದೆ. ಪೆಟ್ಟಿಗೆಗೆ ಹಾಕಲಾಗಲಿಲ್ಲ, ಮನೆಗೆ ತಂದು ಒಡೆದೆ. ಮೇಲೆ ಬರೆದದ್ದರಲ್ಲಿ ಒಂದು ಶಬ್ದ ಸುಳ್ಳು.

ಅವಳು ಜೀನು ಅನ್ನಲಿಲ್ಲ. ಜೀನತ ಎಂದೂ ಅನ್ನಲಿಲ್ಲ. ಅಂದು ಮಧ್ಯಾಹ್ನ ಮೂರೂ ಹತ್ತಕ್ಕೆ ಕಣ್ಣು ತೆರೆದು "ಆಕಿಗೆ ಹೇಳ್ರಿ" ಎಂದಳು. ಅಷ್ಟರಲ್ಲಿ ಗಾಡಿ ಬಂತು. ನಾನು ಕೈ ಎತ್ತಿದೆ. ಮದುವೆಯಾದಾಗಿನಿಂದ ಕಲಿತ ಪಾಠ, ಅವಳು ಬಾಯಿ ಮುಚ್ಚಿದಳು. ನನ್ನ ಅಂಗೈಯನ್ನೇ ನೋಡುತ್ತಿದ್ದಳು. ಗಾಡಿ ಹೋಯಿತು, ಕೈ ಇಳಿಸಿದೆ. ಅವಳು ಇನ್ನೂ ಅಲ್ಲಿಯೇ ನೋಡುತ್ತಿದ್ದಳು, ಕೈ ಇಲ್ಲದ ಜಾಗವನ್ನು. "ಹೂಂ, ಹೇಳು" ಎಂದೆ. ಎರಡು ಸಲ ಅಂದೆ.

ಆಕಿ ಅಂದರೆ ನೀನೇ, ಅದರಲ್ಲಿ ಸಂಶಯ ಬೇಡ. ಏನು ಹೇಳಬೇಕಿತ್ತು ಎಂಬುದನ್ನು ನಾನು ತಡೆದೆ. ಈಗ ಮನೆಯಲ್ಲಿ ಗಾಡಿ ಹೋಗುವಾಗ ಮಾತು ನಿಲ್ಲಿಸುವುದಿಲ್ಲ. ಖೋಲಿಯಲ್ಲಿ ಒಬ್ಬನೇ ಇದ್ದರೂ ಜೋರಾಗಿ ಮಾತಾಡುತ್ತಲೇ ಇರುತ್ತೇನೆ, ಪಕ್ಕದ ಮನೆಯವರು ಗೋಡೆ ಬಡಿಯುತ್ತಾರೆ.

ಅದು ಹದಿನೈದು ಡಬ್ಬಿಯ ಗಾಡಿ, ಮಗಳೇ. ಹನ್ನೆರಡರದಾಗಿದ್ದರೆ ಅವಳ ಮಾತಿಗೆ ಮೂರು ಡಬ್ಬಿಯಷ್ಟು ಹೊತ್ತು ಉಳಿಯುತ್ತಿತ್ತು.