ಸಪನಾಳ ದವಡೆ ಮತ್ತು ಕಡಕ ರೊಟ್ಟಿ

ಉದಗೀರ, ೧೧ ಫೆಬ್ರುವರಿ ೨೦೨೫, ಮಂಗಳವಾರ. ಬಿಡುವಿನಲ್ಲಿ ಅನುವಾದಿಸುತ್ತಿರುವ ಕಾದಂಬರಿ ಹಿಡಿದು ಕೂತರೂ ಒಂದು ಪುಟವೂ ಸಾಗಲಿಲ್ಲ.

ಜಳಕೋಟದ ಹುಡುಗಿ ಸಪನಾಳ ಗಿಡ್ಡ ದವಡೆಯ ಮೂಳೆ ಕೊಯ್ದು, ಅದನ್ನು ಉದ್ದ ಮಾಡಲು ಡಾಕ್ಟರು ಹಾಕಿದ ಸಾಧನ ಬಾಗಿದೆ. ಸಾಧನ ಎಷ್ಟು ಬಲ ತಡೆಯುತ್ತದೆಂದು ಲೆಕ್ಕ ಹಾಕಲು ನಾನು ಮಾಡಿದ ಕಂಪ್ಯೂಟರ್ ಮಾದರಿಯಲ್ಲಿ ಅದು ಬಾಗುವುದೇ ಇಲ್ಲ. ವಾರವಿಡೀ ಮೂಳೆಯ ಗಟ್ಟಿತನದ ಅಂಕಿಗಳನ್ನೇ ತಿದ್ದಿದೆ. ಹುಡುಗಿ ಏನು ತಿನ್ನುತ್ತಾಳೆಂದು ಅವಳ ತಾಯಿಯನ್ನು ಕೇಳಿದ್ದು ಇವತ್ತು.

“ಅಂಬಲಿ ಒಲ್ಲೆ ಅಂತಾಳ್ರೀ ಸರ್. ಆಕಿಗಿ ಕಡಕ ರೊಟ್ಟಿನೇ ಬೇಕು. ನಾ ಏನ್ ಮಾಡ್ಲಿ, ಬಾಯಿ ಹೊಲೀಲೇನು?”

ನನ್ನ ಮಾದರಿಯ ಹುಡುಗಿ ಅಂಬಲಿಯನ್ನಷ್ಟೇ ಕುಡಿಯುತ್ತಾಳೆ. ರೊಟ್ಟಿ ತಿಂದ ಸಪನಾಳದೇ ತಪ್ಪು ಎಂದರು ಡಾಕ್ಟರು. ಶುಕ್ರವಾರ ಅಂಥದೇ ಇನ್ನೊಂದನ್ನು ಹಾಕುತ್ತಾರಂತೆ. ಅದೂ ಬಾಗಿದರೆ ದವಡೆ ಸೊಟ್ಟಗೇ ಕೂಡಿಕೊಳ್ಳುತ್ತದೆ. ಡಾಕ್ಟರ ಎದುರು ನಿಂತು ನಾನು ಹೌದೆಂದು ತಲೆಯಾಡಿಸಿ ಬಂದೆ, ಅದಕ್ಕೇ ನನ್ನ ಮೇಲೆ ನನಗೆ ಸಿಟ್ಟು.

ನಾಳೆ ರೊಟ್ಟಿ ಅಗಿಯುವ ಬಲ ಸೇರಿಸಿ ಲೆಕ್ಕ ಹಾಕುತ್ತೇನೆ. ಅದಕ್ಕೂ ಮೊದಲು ಡಾಕ್ಟರಿಗೆ ಫೋನ್ ಮಾಡಿ, ನನ್ನ ಮಾದರಿ ತಪ್ಪು, ಶುಕ್ರವಾರದ್ದನ್ನು ನಿಲ್ಲಿಸಿ ಎನ್ನುತ್ತೇನೆ.