ನಾನು ಓದದೆ ಸಹಿ ಹಾಕಿದ ಎರಡು ಪುಟ

ಬಾಲಾಪರಾಧಿಗಳ ನ್ಯಾಯಮಂಡಳಿಯ ಅಧ್ಯಕ್ಷರೇ,

ಬರುವ ಹದಿನಾಲ್ಕನೇ ತಾರೀಖು ಹದಿನೇಳು ವರ್ಷದ ಒಬ್ಬ ಹುಡುಗನನ್ನು ದೊಡ್ಡವರ ಕೋರ್ಟಿಗೆ, ಅಲ್ಲಿಂದ ದೊಡ್ಡವರ ಜೈಲಿಗೆ ಕಳಿಸಬೇಕೋ ಬೇಡವೋ ಎಂದು ತಾವು ತೀರ್ಮಾನಿಸಲಿದ್ದೀರಿ. ತಮ್ಮ ಮುಂದಿರುವ ಮುಖ್ಯ ಸಾಕ್ಷ್ಯ ದೂರುದಾರನ ಹೇಳಿಕೆ. ಆ ದೂರುದಾರ ನಾನೇ. ಆ ಹೇಳಿಕೆ ಸುಳ್ಳು. ಇಷ್ಟನ್ನು ಹೇಳಲು ತಮ್ಮ ಕಚೇರಿಗೆ ಐದು ಸಲ ಬಂದೆ. ಐದು ಸಲವೂ ಬೆಂಚು ಬಿಸಿ ಮಾಡಿ ವಾಪಸಾದೆ. ಅದಕ್ಕೇ ಊರಿಗೆಲ್ಲ ಕೇಳುವ ಹಾಗೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಮಗೂ ಕೇಳಿಸೀತು.

ನಾನು ಕನ್ನಡಕದ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಗಾಜು ಉಜ್ಜಿದವನು. ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತು. ಮಕ್ಕಳಿಲ್ಲ. ಊಟವಾದ ಮೇಲೆ ಗ್ರಂಥಾಲಯಕ್ಕೆ ಹೋಗಿ ನಾಲ್ಕರವರೆಗೆ ಪೇಪರು ಓದುವುದು ರೂಢಿ. ನಿಜ ಹೇಳಬೇಕೆಂದರೆ ಓದುವುದಕ್ಕಲ್ಲ, ಇನ್ನೊಬ್ಬರು ಪುಟ ಮಗುಚುವ ಸದ್ದು ಕೇಳುವುದಕ್ಕೆ. ಆ ದಿನ ಒಳಗೆ ಸುಣ್ಣ ಬಳಿಯುತ್ತಿದ್ದಾರೆಂದು ಬಾಗಿಲು ಹಾಕಿತ್ತು. ಬೇಗ ಮನೆಗೆ ಬಂದೆ. ಬೀಗ ನೆಲದ ಮೇಲಿತ್ತು. ಒಳಗೊಬ್ಬ ಹುಡುಗ, ಹೆಗಲ ಚೀಲದಲ್ಲಿ ನನ್ನ ರೇಡಿಯೋ ಮತ್ತು ಇಸ್ತ್ರಿಪೆಟ್ಟಿಗೆ, ಕೈಯಲ್ಲಿ ಸ್ಕ್ರೂಡ್ರೈವರ್. ಬೀಗ ಎಬ್ಬಿಸಿದ್ದು ಅದರಲ್ಲೇ.

ಕೂಗಲು ಹೋದೆ, ಧ್ವನಿ ಹೊರಡಲಿಲ್ಲ. ಹೆದರಿಕೆಯೊಂದೇ ಕಾರಣವಲ್ಲ ಸ್ವಾಮಿ. ಆ ಹೊತ್ತಿಗೆ ನಾನು ಯಾರ ಜೊತೆಗಾದರೂ ಮಾತಾಡಿ ನಾಲ್ಕು ದಿನವಾಗಿತ್ತು. ಬಹಳ ದಿನ ತಿರುಗಿಸದ ನಲ್ಲಿಯ ಹಾಗೆ ಗಂಟಲು ಬರೀ ಗೊರಗೊರ ಅಂದಿತು. ಬಾಗಿಲ ಚೌಕಟ್ಟು ಹಿಡಿದು ವಾಲಿದೆ.

"ತಾತ, ತಾತ, ಬೀಳ್ತೀರ! ಕೂತ್ಕೊಳ್ಳಿ ಇಲ್ಲಿ," ಅಂದ ಹುಡುಗ. ಸ್ಕ್ರೂಡ್ರೈವರನ್ನು ಹಿಂದಿನ ಜೇಬಿಗೆ ತುರುಕಿ, ನನ್ನ ರಟ್ಟೆ ಹಿಡಿದು ಕೂರಿಸಿದ. ಲೋಟ ಎಲ್ಲಿದೆಯೆಂದು ಹುಡುಕಬೇಕಾಗಲಿಲ್ಲ ಅವನಿಗೆ. ಅಡುಗೆಮನೆಯನ್ನು ಆಗಲೇ ಜಾಲಾಡಿದ್ದನಲ್ಲ. ನೀರು ಕುಡಿಸಿದ.

"ಯಾರನ್ನ ಕರೀಲಿ ತಾತ? ಮಗ? ಮಗಳು?"

ತಲೆ ಅಲ್ಲಾಡಿಸಿದೆ.

"ಯಾರೂ ಇಲ್ವಾ? ಅದ್ಹೇಗೆ ಯಾರೂ ಇಲ್ದೇ ಇರ್ತಾರೆ?"

ಕದಿಯಲು ಬಂದವನು ಪಾಟೀಸವಾಲು ಬೇರೆ! ಅವನೇ ಹೋಗಿ ಎದುರುಮನೆಯ ಬಾಗಿಲು ಬಡಿದ. ಆ ಮನೆಯ ಡ್ರೈವರ್ ಹೊರಬಂದು ನೋಡಿದ್ದು ಚೀಲವನ್ನು, ಜೇಬಿನ ಸ್ಕ್ರೂಡ್ರೈವರನ್ನು, ಮುರಿದ ಬೀಗವನ್ನು. ಅಲ್ಲೇ ಹಿಡಿದುಕೊಂಡ. ಓಡಿಹೋಗಿದ್ದರೆ ಸಿಗುತ್ತಲೇ ಇರಲಿಲ್ಲ, ಮಾನ್ಯರೇ. ನನಗೋಸ್ಕರ ಬಾಗಿಲು ಬಡಿದು ಸಿಕ್ಕಿಬಿದ್ದ. ನನ್ನ ಹೇಳಿಕೆಯ ಎರಡು ಪುಟಗಳಲ್ಲಿ ಈ ಮಾತು ಎಲ್ಲೂ ಇಲ್ಲ.

ಯಾಕಿಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ. ಠಾಣೆಯಲ್ಲಿ ನನಗೆ ಕುರ್ಚಿ ಕೊಟ್ಟರು, ಚಹಾ ತರಿಸಿದರು. ನಾಲ್ಕು ಜನ ಸುತ್ತ ನಿಂತು "ಆಮೇಲೆ ಯಜಮಾನ್ರೇ? ಆಮೇಲೆ?" ಅಂದರು. ನನ್ನವಳು ಹೋದಮೇಲೆ ನನ್ನ ಮಾತಿಗೆ "ಆಮೇಲೆ?" ಅಂದವರೇ ಇರಲಿಲ್ಲ. ಅವಳು ಸೊಪ್ಪು ಸೋಸುತ್ತಾ, ತಲೆಯೆತ್ತದೆ, ಅಂಗಡಿಯ ಸಪ್ಪೆ ಸುದ್ದಿಗೂ "ಆಮೇಲೆ?" ಅನ್ನುತ್ತಿದ್ದಳು. ನೀರು ಕುಡಿಸಿದ ಅಂದಿದ್ದರೆ ಕತೆ ಅಲ್ಲಿಗೇ ಮುಗಿದು ಜನ ಚದುರುತ್ತಿದ್ದರು. ಹಾಗಾಗಿ ಸ್ಕ್ರೂಡ್ರೈವರನ್ನು ಕೈಯಲ್ಲಿ ಅಳೆದು ತೋರಿಸುವಾಗ ಒಂದು ಗೇಣು ಉದ್ದ ಮಾಡಿದೆ. ಅವನ ಕಣ್ಣು ಕೆಂಪಗಿತ್ತು ಅಂದೆ. "ಅಯ್ಯಯ್ಯೋ" ಅಂದರು. ಇನ್ನೊಂದು ಲೋಟ ಚಹಾ ಬಂತು.

ನಾನು ಹಾಕಿದ ಉಪ್ಪುಖಾರದ ಮೇಲೆ ಠಾಣೆಯ ರೈಟರು ತನ್ನದನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಟೈಪು ಮಾಡಿದ. "ಇಂಗ್ಲಿಷ್ ಬರುತ್ತಾ ಸಾರ್, ಇಲ್ಲಾ ಓದಿ ಹೇಳ್ಲಾ?" ಅಂದ. ಸಾರ್ ಅಂದುಬಿಟ್ಟ ನೋಡಿ! ಕಾಲೇಜನ್ನು ಎರಡನೇ ವರ್ಷಕ್ಕೇ ಬಿಟ್ಟ ನಾನು, "ಆಫ್ ಕೋರ್ಸ್, ಐ ಆಮ್ ಎ ಕಾಲೇಜ್ ಮ್ಯಾನ್" ಅಂದೆ. ಊರಿಗೆಲ್ಲ ಕನ್ನಡಕ ಮಾಡಿಕೊಟ್ಟವನ ಕನ್ನಡಕ ಮನೆಯಲ್ಲೇ ಉಳಿದಿತ್ತು. ಸಾಲುಗಳ ಮೇಲೆ ಬೆರಳಾಡಿಸಿ, ಗಂಭೀರವಾಗಿ ತಲೆದೂಗಿ, ಸಹಿ ಹಾಕಿದೆ. ಅದರ ಪ್ರತಿ ಕೈಗೆ ಬಂದಮೇಲೆ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಡೆಡ್ಲಿ ವೆಪನ್ ಅಂತೆ. ಫಿಯರ್ ಆಫ್ ಡೆತ್ ಅಂತೆ. 'ಬ್ರ್ಯಾಂಡಿಶ್' ಎಂದಿದ್ದನ್ನು ಹುಡುಗ ಬ್ರಾಂದಿ ಕುಡಿದಿದ್ದ ಅಂತ ಬರೆದಿದ್ದಾರೆಂದುಕೊಂಡೆ. ನೋಡಿದರೆ, ಆಯುಧ ಝಳಪಿಸಿದ ಅಂತೆ. ಬರೀ ಕಳ್ಳತನವಾಗಿದ್ದರೆ ಮಕ್ಕಳ ಮಂಡಳಿಯಲ್ಲೇ ಮುಗಿಯುತ್ತಿತ್ತು. ಈ ನಾಲ್ಕಾರು ಪದಗಳಿಂದ ಅದು ಪ್ರಾಣಬೆದರಿಕೆಯ ಸುಲಿಗೆಯಾಗಿದೆ.

ತಿದ್ದಿಸಲು ಬಂದೆ. ತಮ್ಮ ಕೌಂಟರಿನ ಗುಮಾಸ್ತರು, "ಹುಡುಗನ ಕಡೆಯೋರು ಹೆದರಿಸಿದ್ರಾ?" ಎಂದರು.

"ಅವನ ಕಡೆ ಅಂತ ಇರೋದು ಒಬ್ಬಳು ಚಿಕ್ಕಮ್ಮ. ಆಸ್ಪತ್ರೇಲಿ ನೆಲ ಒರೆಸ್ತಾಳೆ. ನನ್ನ ಕಂಡ್ರೆ ಅವಳೇ ಹೆದರ್ತಾಳೆ."

"ಹಾಗಾದ್ರೆ ಮರೆವು. ವಯಸ್ಸಾಯ್ತಲ್ಲ ಯಜಮಾನ್ರೇ! ಮೊದಲು ಹೇಳಿದ್ದೇ ಸರಿಯಾಗಿರುತ್ತೆ, ಬಿಡಿ."

ತಮ್ಮ ವ್ಯವಸ್ಥೆಯಲ್ಲಿ ಮೊದಲು ಬಂದ ಸುಳ್ಳಿಗೆ ಕುರ್ಚಿ, ಆಮೇಲೆ ಬಂದ ಸತ್ಯಕ್ಕೆ ಬೆಂಚು.

ಹುಡುಗನಿಗೆ ತನ್ನ ಕೃತ್ಯದ ಪರಿಣಾಮ ತಿಳಿಯುವಷ್ಟು ಪ್ರಬುದ್ಧತೆ ಇದೆಯೇ ಎಂದು ತಜ್ಞರು ಒಂದೂವರೆ ಗಂಟೆ ಪರೀಕ್ಷಿಸಿದರಂತೆ. ಸಂತೋಷ. ನನ್ನನ್ನು ಯಾರು ಪರೀಕ್ಷಿಸಿದರು? ಎರಡು ಲೋಟ ಚಹಾಕ್ಕೂ ನಾಲ್ಕು ಜನರ ಕುತೂಹಲಕ್ಕೂ ಒಂದು ಎಳೆಯ ಜೀವವನ್ನು ಬಿಟ್ಟುಕೊಟ್ಟ ಅರವತ್ತೊಂಬತ್ತರ ಮುದುಕನ ಮೆಚ್ಯೂರಿಟಿ ಎಷ್ಟು? ಮತ ಹಾಕಲು ಚಿಕ್ಕವನು, ಬಾಡಿಗೆ ಕರಾರಿಗೆ ಸಹಿ ಹಾಕಲು ಚಿಕ್ಕವನು, ಜೈಲಿನ ಬಾಗಿಲ ಮುಂದೆ ಮಾತ್ರ ಏಕಾಏಕಿ ದೊಡ್ಡವನಾಗಿಬಿಡುತ್ತಾನೆಯೇ? ಕದಿಯಲು ಬಂದದ್ದು ನಿಜ, ನಾನು ಇಲ್ಲವೆನ್ನುವುದಿಲ್ಲ. ಅದಕ್ಕೆ ಮಕ್ಕಳ ಕಾನೂನಿನಲ್ಲಿ ಏನಿದೆಯೋ ಅದನ್ನು ಕೊಡಿ. ನಾನು ಸೇರಿಸಿದ ಆ ಗೇಣುದ್ದಕ್ಕೆ ಅವನನ್ನು ಹೊಣೆ ಮಾಡಬೇಡಿ.

ಹದಿನಾಲ್ಕರೊಳಗೆ ನನ್ನನ್ನು ಕರೆಸಿ. ನಾನು ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಳ್ಳಿ. ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ ಹಾಕಿಸಿ. ಸುಳ್ಳು ಹೇಳಿಕೆ ಅಪರಾಧವಾದರೆ ನನ್ನ ಮೇಲೆ ಪ್ರಕರಣ ದಾಖಲಿಸಿ, ಪ್ರಬುದ್ಧತೆಯ ಪರೀಕ್ಷೆ ಇಲ್ಲದೆಯೇ ಒಪ್ಪಿಕೊಳ್ಳುತ್ತೇನೆ. ಯಾವ ಹೊತ್ತಿಗೆ ಕರೆದರೂ ಸರಿ, ಹೊರಟು ಬರುತ್ತೇನೆ. ಮನೆಯಲ್ಲಿ ಹೇಳಿಬರಬೇಕಾದವರು ಯಾರೂ ಇಲ್ಲ.

ಇಂತಿ,
ಶಿಕ್ಷೆಗೆ ಬೇಕಾದಷ್ಟು ವಯಸ್ಸಾಗಿರುವ
ತಮ್ಮ ದೂರುದಾರ