ಜಾಗಟೆ ನಿಂತ ಮೇಲೆ

ಕಂಪುಂಗ್ ತೊಗುಡಾನ್, ಸಬಾ
ಆಗಸ್ಟ್ ೧೯, ೨೦೧೦

ಐಲ್ಸಾಳ ಅಮ್ಮನಿಗೆ, ನಿಮ್ಮ ಮಗಳಿಗೆ ಊಟ ಹಾಕುತ್ತಿರುವ ರುಫಿನಾಳ ನಮಸ್ಕಾರ.

ನಿಮ್ಮ ಹೆಸರು ಮೊರಾಗ್ ಎಂದು ಗೊತ್ತು. ಆದರೆ ನಮ್ಮಲ್ಲಿ ಮಗುವಾದ ಮೇಲೆ ಹೆಂಗಸಿನ ಹೆಸರನ್ನು ಯಾರೂ ಹಿಡಿದು ಕರೆಯುವುದಿಲ್ಲ, ಇಂಥವಳ ಅಮ್ಮ ಎನ್ನುತ್ತೇವೆ. ತಪ್ಪು ತಿಳಿಯಬೇಡಿ. ಎಲ್ಲಕ್ಕಿಂತ ಮೊದಲು ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ನಿಮ್ಮ ಮಗಳು ಈಗ ನನ್ನ ಅಡುಗೆಮನೆಯಲ್ಲಿ ಕೂತು ಮರಗೆಣಸಿನ ಸೊಪ್ಪು ಬಿಡಿಸುತ್ತಿದ್ದಾಳೆ. ಮೊಣಕಾಲಿನ ಮೇಲೊಂದು ತರಚುಗಾಯ, ಪಾದದಲ್ಲಿ ಇಂಬಳ ಕಚ್ಚಿದ ಗುರುತು, ಅಷ್ಟೇ. ಬೆಳಿಗ್ಗೆ ಮೂರು ತಟ್ಟೆ ಅನ್ನ ತಿಂದಳು. ನನ್ನನ್ನು ಇನಾ ಎಂದು ಕರೆಯುತ್ತಾಳೆ. ಹಾಗೆಂದರೆ ಅಮ್ಮ. ನಿಮಗೆ ಬೇಜಾರಿಲ್ಲ ತಾನೇ?

ನಾನು ಹೇಳುತ್ತಿದ್ದೇನೆ, ನನ್ನ ಮಗಳು ವೆಲಿಂಡಾ ನಿಮ್ಮ ಭಾಷೆಯಲ್ಲಿ ಬರೆಯುತ್ತಿದ್ದಾಳೆ. ಐಲ್ಸಾಳ ತಂಡಕ್ಕೆ ಈ ಊರಿನ ಮಾತನ್ನು ತಿಳಿಸಿ ಹೇಳುವ ಕೆಲಸ ಇವಳದೇ. ನಾನು ಹೇಳಿದ್ದರಲ್ಲಿ ಅರ್ಧ ನುಂಗಿಬಿಡುತ್ತಾಳೆ ಎಂಬ ಅನುಮಾನ ನನಗಿದೆ. ತಂಡದ ಮುಖ್ಯಸ್ಥ ಗ್ರೆಗರ್ ನಾಳೆ ಪೇಟೆಗೆ ಇಳಿದಾಗ ಇದರ ಫೋಟೋ ತೆಗೆದು ಇಮೇಲಿನಲ್ಲಿ ಕಳಿಸುತ್ತಾನಂತೆ.

ಮಗಳು ಸಿಗುತ್ತಿಲ್ಲ ಎಂದು ಗ್ರೆಗರ್ ಫೋನು ಮಾಡಿದ. ಮೊದಲ ವಿಮಾನಕ್ಕೆ ಹತ್ತಿಸಿ ಎಂದಿರಿ. ಸಿಕ್ಕಳು ಎಂದು ಮತ್ತೆ ಮಾಡಿದ. ಆದರೂ ಹತ್ತಿಸಿ ಎಂದಿರಿ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಫೋನಿನಲ್ಲಿ ಮಾತು ಮುಗಿಸುತ್ತಿರಲಿಲ್ಲ, ನಾನೇ ಬಂದು ಜುಟ್ಟು ಹಿಡಿದು ಎಳೆದುಕೊಂಡು ಹೋಗುತ್ತಿದ್ದೆ. ಆದರೆ ನಡೆದದ್ದರಲ್ಲಿ ಕಾಲು ಭಾಗ ಮಾತ್ರ ನಿಮಗೆ ಗೊತ್ತು. ಗ್ರೆಗರ್ ಒಳ್ಳೆಯವನು, ಆದರೆ ಕಥೆ ಹೇಳಲು ಬಾರದವನು. ಪೂರ್ತಿ ಕೇಳಿ, ಆಮೇಲೆ ನಿಮಗೆ ಸರಿ ಕಂಡಂತೆ ಮಾಡಿ.

ಬೆಟ್ಟದ ಮೇಲಿನ ತೊರೆಯಿಂದ ಊರಿಗೆ ನೀರಿನ ಪೈಪು ಎಳೆಯಲು ತಂಡದ ಈ ಹುಡುಗ ಹುಡುಗಿಯರು ನಮ್ಮವರ ಜೊತೆ ಸೇರಿ ದುಡಿಯುತ್ತಿದ್ದಾರೆ. ಸೋಮವಾರ ಸಂಜೆ ಎಲ್ಲರೂ ಕೆಲಸ ಮುಗಿಸಿ ಇಳಿಯುವಾಗ, ತೊರೆಯ ಬಳಿ ಗರಗಸ ಮರೆತೆ ಎಂದು ಐಲ್ಸಾ ಒಬ್ಬಳೇ ಹಿಂದಕ್ಕೆ ಹೋದಳು. ಅಷ್ಟರಲ್ಲಿ ಮಂಜು ಇಳಿಯಿತು. ಬಿದಿರುಮೆಳೆಯ ಹತ್ತಿರ ದಾರಿ ಕವಲಾಗುತ್ತದೆ. ಅವಳು ಬೇರೆ ಕವಲು ಹಿಡಿದಿದ್ದಾಳೆ. ಕೆಳಗೆ ಎಲ್ಲರೂ ಚಹಾಕ್ಕೆ ಕೂತಾಗ ಒಂದು ಲೋಟ ಹಾಗೇ ಉಳಿಯಿತು, ಆಗಲೇ ನಮಗೆ ಗೊತ್ತಾದದ್ದು.

ತಂಡದ ಮಕ್ಕಳು ಓಡಿಹೋಗಿ ಕಾಡಂಚಿನಲ್ಲಿ ನಿಂತು ಅವಳ ಹೆಸರು ಹಿಡಿದು ಕೂಗತೊಡಗಿದರು. ನಮ್ಮ ಮುಖಂಡರು ಅವರ ಬಾಯಿ ಮುಚ್ಚಿಸಿದರು. ಕಾಡಿನಲ್ಲಿ ನಾವು ಯಾರ ಹೆಸರನ್ನೂ ಕೂಗುವುದಿಲ್ಲ. ಕೂಗಿದರೆ ಆ ಹೆಸರು ಕೇಳಬಾರದವರಿಗೂ ಕೇಳುತ್ತದೆ, ಓಗೊಡುವವರು ಬೇರೆಯವರಾಗುತ್ತಾರೆ. ಗ್ರೆಗರ್‌ನ ಮುಖ ಕೆಂಪಾಯಿತು. ಹುಡುಗಿ ಕಳೆದಿರುವಾಗ ಇದೆಂಥ ಮಾತು ಎಂದು ರೇಗಿದ. ನಿಮ್ಮೆಲ್ಲರ ಗಂಟಲಿಗಿಂತ ಜಾಗಟೆಯ ಸದ್ದು ದೂರ ಹೋಗುತ್ತದೆ, ಆ ಸದ್ದು ಹಿಡಿದು ಅವಳೇ ಬರುತ್ತಾಳೆ ಎಂದು ಮುಖಂಡರು ಸಮಾಧಾನದಿಂದ ಹೇಳಿದ ಮೇಲೆ ಸುಮ್ಮನಾದ.

ಗಂಡಸರು ಟಾರ್ಚು ಹಿಡಿದು ಬೆಟ್ಟದ ಬೇರೆ ಬೇರೆ ದಿಕ್ಕಿಗೆ ಹೊರಟರು. ಪಕ್ಕದ ಮನೆಯ ಒಂಡಿಕ್ ಅಜ್ಜನೂ ಹೊರಟ. ಈ ಅಜ್ಜನ ವಿಷಯ ನಿಮಗೆ ಹೇಳಬೇಕು. ದಿನಾ ಬೆಳಿಗ್ಗೆ ನನ್ನ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಾ, ಇವತ್ತು ಸಂಜೆಯೊಳಗೆ ನಾನು ಹೋಗಿಬಿಡುತ್ತೇನೆ ಎನ್ನುತ್ತಾನೆ. ನಮಗೆಲ್ಲ ಕೇಳಿ ಕೇಳಿ ಸಾಕಾಗಿದೆ. ನಿಮ್ಮ ಮಗಳು ಮಾತ್ರ ದಿನಾ ನಂಬುತ್ತಾಳೆ, ದಿನಾ ಸಂಜೆ ಬಂದ ಕೂಡಲೇ ಅವನ ಮನೆಗೆ ಇಣುಕಿ ನೋಡುತ್ತಾಳೆ.

ಎಡವಟ್ಟಾದದ್ದು ಅಜ್ಜ ಹೋದ ಮೇಲೆ. ನಮ್ಮಲ್ಲಿ ಮನೆಗೆ ಕರೆಯುವ ಬಡಿತ ಬೇರೆ, ಸಾವಿನ ಬಡಿತ ಬೇರೆ. ಕರೆಯುವ ಬಡಿತ ಚುರುಕು, ಮೂರು ಜಾಗಟೆ ಒಂದನ್ನೊಂದು ಅಟ್ಟಿಸಿಕೊಂಡು ಹೋದಂತೆ ಇರುತ್ತದೆ. ಅದನ್ನು ಸರಿಯಾಗಿ ಬಲ್ಲವನು ಒಂಡಿಕ್ ಅಜ್ಜ ಒಬ್ಬನೇ. ಊರಲ್ಲಿ ಉಳಿದ ಹುಡುಗರು ಕೋಲು ಹಿಡಿದರು. ಮದುವೆಗಳಿಗೆಲ್ಲ ಈಗ ಬಾಡಿಗೆಯ ಸ್ಪೀಕರ್ ಬಂದಿದೆ, ಇವರು ಹುಟ್ಟಿದಾಗಿನಿಂದ ಹೆಚ್ಚಾಗಿ ಕೇಳಿರುವುದು ಸಾವಿನ ಜಾಗಟೆಯನ್ನೇ. ಕೈಗೆ ಗೊತ್ತಿದ್ದದ್ದನ್ನು ಬಡಿದರು. ನಾನು ಅಲ್ಲೇ ಇದ್ದೆ. ಸದ್ದು ಜೋರಾಗಿದೆಯೇ ಎಂಬುದೊಂದೇ ನನ್ನ ತಲೆಯಲ್ಲಿ. ಏಸುವನ್ನೂ ಬೇಡಿದೆ, ನಮ್ಮಜ್ಜಿ ಬೇಡುತ್ತಿದ್ದವರನ್ನೂ ಬೇಡಿದೆ. ನನಗೆ ಭಯವೇನೂ ಆಗಲಿಲ್ಲ, ಅದನ್ನು ನೀವು ನಂಬಬೇಕು.

ಕತ್ತಲಾಯಿತು. ಅವಳು ಬರಲಿಲ್ಲ. ಹುಡುಗರು ಇನ್ನೂ ಜೋರಾಗಿ ಬಡಿದರು. ಆ ಸದ್ದು ಮೂರು ಬೆಟ್ಟದಾಚೆಗೂ ಹೋಗುತ್ತದೆ. ಕೇಳಿಯೂ ಏಕೆ ಬರುತ್ತಿಲ್ಲ ಎಂದುಕೊಂಡ ನನಗೆ, ತಲೆಯ ಮೇಲೆ ತಣ್ಣೀರು ಸುರಿದಂತೆ ನೆನಪಾಯಿತು. ಐಲ್ಸಾ ಬಂದ ಹೊಸತರಲ್ಲಿ ಕೊನೆಯ ಮನೆಯ ಮುದುಕಿ ತೀರಿಕೊಂಡಿದ್ದಳು. ನಾನೂ ಐಲ್ಸಾಳೂ ಹೊಲದಿಂದ ಬರುತ್ತಿದ್ದೆವು. ಜಾಗಟೆ ಕೇಳಿದ್ದೇ ಅವಳ ಕೈ ಹಿಡಿದು ಹೊಲದ ಗುಡಿಸಲಲ್ಲಿ ಕೂರಿಸಿದ್ದೆ. ಊರ ಹೊರಗಿದ್ದವರು ಜಾಗಟೆ ನಿಲ್ಲುವವರೆಗೆ ಒಳಗೆ ಕಾಲಿಡಬಾರದು, ಇಟ್ಟರೆ ಹೊರಟ ಜೀವ ತಿರುಗಿ ನಮ್ಮ ಹಿಂದೆಯೇ ಮನೆಗೆ ಬರುತ್ತದೆ ಎಂದು ಅರ್ಧ ಮಾತಿನಲ್ಲಿ, ಅರ್ಧ ಸನ್ನೆಯಲ್ಲಿ ಹೇಳಿಕೊಟ್ಟಿದ್ದೆ. ಕರೆಯುವ ಬಡಿತದ ಸುದ್ದಿಯನ್ನೇ ಎತ್ತಿರಲಿಲ್ಲ.

ನಾನು ಹೋಗಿ ಹುಡುಗನ ಕೈಯಿಂದ ಕೋಲು ಕಿತ್ತುಕೊಂಡೆ. ಎಲ್ಲರೂ ನನ್ನ ಮೇಲೆ ಬಿದ್ದರು. ಸದ್ದು ನಿಂತರೆ ಅವಳಿಗೆ ದಿಕ್ಕೇ ಇರುವುದಿಲ್ಲ ಎಂದು ಗ್ರೆಗರ್ ಕೈಮುಗಿದ. ಮುಖಂಡರೂ ನಿಲ್ಲಿಸಬೇಡ ಎಂದು ತಲೆಯಲ್ಲಾಡಿಸಿದರು. ನನ್ನ ಮಗಳಂತೂ ಕೋಲಿನ ಇನ್ನೊಂದು ತುದಿ ಹಿಡಿದು ಜಗ್ಗಿದಳು.

"ಕೊಡು ಇನಾ. ಅವಳಿಗೆ ಇದೊಂದೇ ಗುರುತು ಇರೋದು."

"ಅವಳಿಗೆ ಕೇಳಿಸ್ತಿದೆ ಕಣೇ. ಕೇಳಿಸ್ತಿರೋದಕ್ಕೇ ಬರ್ತಿಲ್ಲ."

"ನಿನ್ನ ಲೆಕ್ಕ ತಪ್ಪಿದ್ರೆ?"

ನಾನು ಎರಡೂ ಕೈಯಲ್ಲಿ ಹಿಡಿದೆ. ಕೋಲನ್ನು ಬಿಡಲಿಲ್ಲ. ಉಳಿದ ಹುಡುಗರೂ ಕೈ ನಿಲ್ಲಿಸಿದರು, ಜೀರುಂಡೆಗಳ ಸದ್ದು ಮಾತ್ರ ಉಳಿಯಿತು. ಗ್ರೆಗರ್ ತಲೆ ಹಿಡಿದುಕೊಂಡು ನೆಲದಲ್ಲಿ ಕೂತ. ಒಲೆಯ ಮೇಲಿಟ್ಟ ಅನ್ನ ಉಕ್ಕುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಹೊಲದ ದಾರಿಯಲ್ಲಿ ಒಂದು ಟಾರ್ಚು ಅಲ್ಲಾಡುತ್ತಾ ಬಂತು. ಹಿಂದೆ ಒಂಡಿಕ್ ಅಜ್ಜ, ಮುಂದೆ ಹೆಗಲ ಮೇಲೆ ಗರಗಸ ಹೊತ್ತ ನಿಮ್ಮ ಮಗಳು. ನಾನು ಅವಳನ್ನು ಅಪ್ಪಿಕೊಂಡು, ಬೆನ್ನಿಗೆ ಎರಡು ಗುದ್ದಿ, ಮತ್ತೆ ಅಪ್ಪಿಕೊಂಡೆ. ಆ ಎರಡು ಗುದ್ದು ನಿಮ್ಮ ಪರವಾಗಿ ಎಂದು ಇಟ್ಟುಕೊಳ್ಳಿ.

ನಡೆದದ್ದೇನೆಂದರೆ, ಅವಳು ಆಚೆ ಕಣಿವೆ ಸುತ್ತಿ ಬೆಳಕಿರುವಾಗಲೇ ತಾನಾಗಿ ದಾರಿ ಕಂಡುಕೊಂಡಿದ್ದಳು. ಊರು ಇನ್ನೊಂದು ಹೊಲದಷ್ಟು ದೂರ. ಆಗ ಜಾಗಟೆ ಕೇಳಿದೆ. ಗುಡಿಸಲಲ್ಲಿ ಕೂತುಬಿಟ್ಟಿದ್ದಾಳೆ, ನಾನು ಹೇಳಿಕೊಟ್ಟಂತೆಯೇ. ನಾವು ಜೋರಾಗಿ ಬಡಿದಷ್ಟೂ ಅವಳು ಗಟ್ಟಿಯಾಗಿ ಕೂತಳು. ಅತ್ತ ಬೆಟ್ಟ ಸುತ್ತಿ ಸೋತ ಒಂಡಿಕ್ ಅಜ್ಜನೂ ಅದೇ ಸಾವಿನ ಬಡಿತ ಕೇಳಿ, ಊರಿಗೆ ಬರಲಾರದೆ, ಅದೇ ಗುಡಿಸಲಿಗೆ ಬಂದಿದ್ದಾನೆ. ಅವನನ್ನು ಕಂಡು ಇವಳು ಕಿಟಾರನೆ ಕಿರುಚಿಕೊಂಡಳಂತೆ. ಮುಖವೆಲ್ಲ ಅತ್ತು ಊದಿಕೊಂಡಿತ್ತಂತೆ.

"ಯಾರು ಸತ್ರು ಅಂತ ಅಳ್ತಿದ್ದೀಯಮ್ಮಾ?"

"ನೀವು."

"ನಾನಾ? ನನಗೇ ಯಾರೂ ಹೇಳ್ಲಿಲ್ವಲ್ಲ."

ಹಾಗಾದರೆ ಸತ್ತವರು ಯಾರು ಎಂದು ಇಬ್ಬರೂ ಯೋಚಿಸಿದ್ದಾರೆ. ಹುಡುಕಲು ಹೋದವರಲ್ಲೇ ಯಾರೋ ಬಿದ್ದಿರಬೇಕು ಎಂದು ಅಜ್ಜನಿಗೆ ದಿಗಿಲು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಕೂತರು. ಜಾಗಟೆ ನಿಂತಿತು, ಎದ್ದು ಬಂದರು.

ಬದುಕಿರುವವನಿಗಾಗಿ ಅತ್ತರೆ ಊರಿಗೆ ತಾಪ ತಟ್ಟುತ್ತದೆ, ಅದನ್ನು ತಂಪು ಮಾಡಲು ಒಂದು ಕೋಳಿ ಕೊಡಬೇಕು. ಅತಿಥಿಯ ತಪ್ಪು ಮನೆಯವರ ತಲೆಗೆ. ಹಾಗಾಗಿ ನನ್ನ ಕೆಂಪು ಹೇಂಟೆ ಹೋಯಿತು. ಶುಂಠಿ ಹಾಕಿ ಬೇಯಿಸಿ ಊರವರೂ ತಂಡದವರೂ ಒಟ್ಟಿಗೆ ಕೂತು ತಿಂದೆವು, ಅಕ್ಕಿಯ ಕಳ್ಳನ್ನೂ ಕುಡಿದೆವು. ಅಜ್ಜ ಮೂಳೆ ಚೀಪುತ್ತಾ ನನ್ನ ಕಿವಿಯಲ್ಲಿ ಹೇಳಿದ: "ನಾನು ನಿಜವಾಗ್ಲೂ ಸಾಯೋ ದಿನ ಈ ಹುಡುಗಿ ಇಲ್ಲಿರಲ್ಲ. ಮುಂಚೇನೇ ಅತ್ತಿದ್ದು ಒಳ್ಳೇದಾಯ್ತು. ಕೋಳಿ ಮಾತ್ರ ನಾನು ಬಿಡೋನಲ್ಲ." ಅವನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಅವತ್ತಿನಿಂದ ಸಾಯುವ ಮಾತು ಆಡಿಲ್ಲ.

ಈಗ ನನ್ನ ಬೇಡಿಕೆ. ಅವಳನ್ನು ಕರೆದೊಯ್ಯುವ ಜೀಪು ಭಾನುವಾರ ಬರುತ್ತದೆ. ಐಲ್ಸಾ ಆಗಲೇ ಬಟ್ಟೆ ಮಡಚಿಟ್ಟಿದ್ದಾಳೆ. ಅಮ್ಮನಿಗೆ ಬರೆಯಿರಿ ಎಂದು ಅವಳು ನನ್ನನ್ನು ಕೇಳಲೂ ಇಲ್ಲ. ನೀರಿಗಾಗಿ ನಾನು ಕೇಳುತ್ತಿಲ್ಲ, ಉಳಿದ ಪೈಪನ್ನು ನಮ್ಮವರೇ ಎಳೆದುಕೊಳ್ಳುತ್ತಾರೆ. ಆದರೆ ಈಗ ಹೋದರೆ, ತಾನು ಕಾಡಿನಲ್ಲಿ ಕಳೆದುಹೋದ ದಡ್ಡಿ ಎಂದೇ ಅವಳು ಬದುಕೆಲ್ಲ ನಂಬುತ್ತಾಳೆ. ಅವಳು ಕಳೆದುಹೋಗಿರಲಿಲ್ಲ. ದಾರಿ ಕಂಡುಕೊಂಡು ಬಂದು, ನಮ್ಮೂರಿನ ಮರ್ಯಾದೆ ಕಾಯಲು ಹೊರಗೆ ಕೂತಿದ್ದಳು. ಇಷ್ಟು ಚೆನ್ನಾಗಿ ಮಾತು ಕೇಳುವ ಮಗಳನ್ನು ನೀವು ಬೆಳೆಸಿದ್ದೀರಿ. ನೀರು ಬರುವವರೆಗೆ ಅವಳನ್ನು ಇಲ್ಲಿ ಬಿಡಿ. ಒಬ್ಬಳೇ ಬೆಟ್ಟ ಹತ್ತಲು ನಾನು ಬಿಡುವುದಿಲ್ಲ, ಅದಕ್ಕೆ ನಾನು ಹೊಣೆ.

ನಿಮ್ಮ ಮಗಳ ಮೇಲೆ ಮಮತೆ ಇಟ್ಟುಕೊಂಡಿರುವ,
ವೆಲಿಂಡಾಳ ಅಮ್ಮ
ರುಫಿನಾ ಲೊಜಿವಿನ್

ಮರೆತ ಮಾತು: ಇದನ್ನು ನಾನೇ ಮಲಯ ಭಾಷೆಯಲ್ಲಿ ಬರೆಯುತ್ತಿದ್ದೇನೆ. ವೆಲಿಂಡಾ ಸ್ನಾನಕ್ಕೆ ಹೋಗಿದ್ದಾಳೆ. ಗ್ರೆಗರ್ ನಿಮ್ಮ ಭಾಷೆಗೆ ತಿರುಗಿಸಿ ಕಳಿಸುತ್ತಾನೆ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದಾನೆ. ಭಯವಾಗಲಿಲ್ಲ ಎಂದು ಮೇಲೆ ಬರೆಸಿದ್ದು ಸುಳ್ಳು. ಜಾಗಟೆಯ ಕಂಬ ಅಪ್ಪಿಕೊಂಡೇ ನಿಂತಿದ್ದೆ. ಬರೆಯುತ್ತಿದ್ದ ಮಗಳ ಎದುರು ಅದನ್ನು ಹೇಳಲಾಗಲಿಲ್ಲ. ಇನ್ನೂ ಒಂದು ಬಚ್ಚಿಟ್ಟೆ. ಗ್ರೆಗರ್‌ನವರು ವೆಲಿಂಡಾಳನ್ನು ಇಂಥದೇ ಕೆಲಸಕ್ಕೆ ನಿಕರಾಗುವಾ ಎಂಬ ದೇಶಕ್ಕೆ ಕರೆದಿದ್ದಾರೆ. ಅದೆಲ್ಲಿದೆ ಎಂದು ಚರ್ಚಿನಲ್ಲಿರುವ ಭೂಗೋಳದಲ್ಲಿ ಹುಡುಕಿದೆ, ನಮ್ಮ ಬೆನ್ನ ಹಿಂದೆ ಎಲ್ಲೋ ಇದೆ. ಬೇಡವೇ ಬೇಡ ಎಂದು ತಿಂಗಳಿನಿಂದ ಹಟ ಹಿಡಿದಿದ್ದೆ. ಐಲ್ಸಾಳನ್ನು ಇಲ್ಲಿ ಬಿಡಿ ಎಂದು ನಿಮಗೆ ಹೇಳುವಾಗ ಇವಳ ಪೆನ್ನು ನಿಂತಿತು. ತಲೆ ಎತ್ತಲಿಲ್ಲ, ಮಾತಾಡಲಿಲ್ಲ. ಮಾತಾಡಿದ್ದರೆ ಬೈದುಬಿಡುತ್ತಿದ್ದೆ, ನನಗೂ ಸಲೀಸಾಗುತ್ತಿತ್ತು. ಹೋಗು ಎಂದು ವೆಲಿಂಡಾಳಿಗೆ ಇವತ್ತು ಊಟಕ್ಕೆ ಕೂತಾಗ ಹೇಳುತ್ತೇನೆ. ನಿಮಗೆ ಮೊದಲು ಹೇಳಿಬಿಟ್ಟರೆ ಹಿಂದೆ ಸರಿಯಲಾಗುವುದಿಲ್ಲ, ಅದಕ್ಕೇ ಬರೆದೆ. ನೀವು ಐಲ್ಸಾಳ ವಿಷಯ ಏನೇ ತೀರ್ಮಾನಿಸಿ, ನನಗೆ ಇದೊಂದಕ್ಕೆ ಉತ್ತರ ಬರೆಯಿರಿ: ಅವಳನ್ನು ಇಲ್ಲಿಗೆ ಬರುವ ವಿಮಾನ ಹತ್ತಿಸಿ ಮನೆಗೆ ಮರಳಿದ ಮೇಲೆ ನೀವು ಏನು ಮಾಡಿದಿರಿ?